ತೆರೆಯ ಮೇಲೆ ಸಾಬು ಏಕೆ ಬೆಳೆಯಲಿಲ್ಲ?

ಓದುಗರ ಪ್ರಶ್ನೆ: ಹಾಲಿವುಡ್‌ನ ಹಳೆಯ ಸಾಹಸ ಚಿತ್ರಗಳಲ್ಲಿ ಭಾರತೀಯರ ಪಾತ್ರಗಳನ್ನು ಬಿಳಿಯ ನಟರೇ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಮಾಡುತ್ತಿದ್ದರು. ಮೈಸೂರಿನ ಸಾಬು ಅದೇ ಕಾಲದಲ್ಲಿ ತಾರೆಯಾಗಿ ಮೆರೆದರೂ ಈ ಪದ್ಧತಿ ಏಕೆ ಬದಲಾಗಲಿಲ್ಲ?

ಉತ್ತರ: ಸಾಬುವಿಗೆ ಅಲ್ಲಿ ಸಿಕ್ಕಿದ್ದು ಹುಡುಗನೊಬ್ಬನ ಜಾಗ. ಬೆಳೆದ ಭಾರತೀಯ ಗಂಡಸಿಗೆ ಆ ಕಥೆಗಳಲ್ಲಿ ಜಾಗವೇ ಇರಲಿಲ್ಲವೆಂಬುದು ನನ್ನ ತಿಳಿವಳಿಕೆ.

ಸಾಬು ಹುಟ್ಟಿದ್ದು 1924ರಲ್ಲಿ, ಮೈಸೂರು ಸಂಸ್ಥಾನದ ಕಾರಾಪುರದ ಮಾವುತರ ಮನೆಯಲ್ಲಿ. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಅವರ ತಂಡ ಆನೆಗಳ ಚಿತ್ರಕ್ಕಾಗಿ ಮೈಸೂರಿಗೆ ಬಂದಾಗ ಮಹಾರಾಜರ ಆನೆಲಾಯದ ಈ ಹುಡುಗ ಅವರ ಕಣ್ಣಿಗೆ ಬಿದ್ದ. ಹೊರಾಂಗಣವನ್ನು ಮೈಸೂರು ಸೀಮೆಯಲ್ಲೂ ಉಳಿದುದನ್ನು ಇಂಗ್ಲೆಂಡಿನ ಸ್ಟುಡಿಯೊದಲ್ಲೂ ಚಿತ್ರೀಕರಿಸಿದ 'ಎಲಿಫೆಂಟ್ ಬಾಯ್' 1937ರಲ್ಲಿ ತೆರೆಕಂಡಾಗ ಅವನು ಲೋಕಪ್ರಸಿದ್ಧನಾದ. ಆ ಚಿತ್ರದಲ್ಲಿ ಮಗ ನಿಜವಾದ ಮಾವುತನ ಮಗ, ಆದರೆ ಅವನ ತಂದೆಯಾಗಿ ಕಾಣಿಸಿಕೊಂಡವರು ಬಣ್ಣ ಹಚ್ಚಿಕೊಂಡ ಬ್ರಿಟಿಷ್ ನಟ. ನಿಮ್ಮ ಪ್ರಶ್ನೆಗೆ ಉತ್ತರ ಆ ಒಂದು ಜೋಡಿಯಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಹಾಲಿವುಡ್‌ನಲ್ಲಿಯೂ ಇದೇ ರೂಢಿ. 1939ರ 'ಗಂಗಾ ದಿನ್' ಚಿತ್ರದ ವಾಯವ್ಯ ಗಡಿನಾಡು ಕ್ಯಾಲಿಫೋರ್ನಿಯಾದ ಲೋನ್ ಪೈನ್ ಬೆಟ್ಟಗಳಲ್ಲಿ ಎದ್ದು ನಿಂತಿತು. ನೀರು ಹೊರುವ ಗಂಗಾ ದಿನ್ ಆದವರು ಸ್ಯಾಮ್ ಜಾಫಿ, ಥಗ್ಗರೆಂಬ ದರೋಡೆಕೋರರ ಗುರುವಾದವರು ಇಟಲಿಯಲ್ಲಿ ಹುಟ್ಟಿದ ಎಡ್ವಾರ್ಡೊ ಚಾನೆಲ್ಲಿ. ಸ್ಟುಡಿಯೊಗಳು ನಟರನ್ನು ದೀರ್ಘ ಕರಾರಿನಲ್ಲಿ ಇಟ್ಟುಕೊಳ್ಳುತ್ತಿದ್ದುದರಿಂದ ತಮ್ಮವರನ್ನೇ ಯಾವ ದೇಶದವರನ್ನಾಗಿಯಾದರೂ ಮಾಡಿಬಿಡುವುದು ಅವುಗಳಿಗೆ ಸುಲಭವಾಗಿತ್ತು. ಇದಕ್ಕಿಂತ ಆಳದ ಕಾರಣವೊಂದಿತ್ತು. 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದ ಪ್ರೊಡಕ್ಷನ್ ಕೋಡ್ ಎಂಬ ನಿಯಮಾವಳಿ ಬಿಳಿಯರು ಮತ್ತು ಕರಿಯರ ನಡುವಿನ ಪ್ರಣಯವನ್ನು ತೆರೆಯ ಮೇಲೆ ನಿಷೇಧಿಸಿತ್ತು, ಮತ್ತು ಆ ಅಂಜಿಕೆಯನ್ನು ಸ್ಟುಡಿಯೊಗಳು ಏಷ್ಯಾದವರಿಗೂ ಹಿಗ್ಗಿಸಿದ್ದವು. ನಾಯಕಿ ಬಿಳಿಯಳಾಗಿದ್ದರೆ ನಾಯಕನೂ ಬಿಳಿಯನೇ ಆಗಬೇಕಿತ್ತು. ಹುಡುಗನಿಂದ ಈ ತೊಡಕು ಹುಟ್ಟುವುದಿಲ್ಲ. ಅವನು ಆನೆ ಏರಬಹುದು, ನಾಯಕನ ಪ್ರಾಣ ಉಳಿಸಬಹುದು.

1942ರ 'ಜಂಗಲ್ ಬುಕ್'ನಲ್ಲಿ ಸಾಬುವೇ ಮೌಗ್ಲಿ, ಆದರೆ ಅವನ ತಾಯಿ ಅಮೆರಿಕದ ರೋಸ್‌ಮೇರಿ ಡಿಕ್ಯಾಂಪ್. ಅದೇ ವರ್ಷದ 'ಅರೇಬಿಯನ್ ನೈಟ್ಸ್'ನಲ್ಲಿ ಪ್ರೇಮಕಥೆ ಜಾನ್ ಹಾಲ್ ಮತ್ತು ಮರಿಯಾ ಮಾಂಟೆಜ್ ಅವರದು, ಹದಿನೆಂಟು ತುಂಬಿದ ಸಾಬು ಬರೀ ನೆರವಿನ ಗೆಳೆಯ.

ಇಲ್ಲಿ ಮತ್ತೊಂದು ನೋವಿನ ಸಂಗತಿಯನ್ನು ಹೇಳಲೇಬೇಕು. ಸಾಬು ನಟಿಸಿದ 1938ರ ಬ್ರಿಟಿಷ್ ಚಿತ್ರ 'ದಿ ಡ್ರಮ್' ಸಾಮ್ರಾಜ್ಯದ ಗುಣಗಾನವೆಂದು ಬೊಂಬಾಯಿಯಲ್ಲಿ ಜನ ಬೀದಿಗಿಳಿದು ವಿರೋಧಿಸಿದ್ದರು. ಕಥೆ ಬರೆಯುವ ಅಧಿಕಾರವಿಲ್ಲದ ಹದಿಹರೆಯದ ನಟನೊಬ್ಬ ಆ ಕಥೆಯ ಮುಖವಾಗಬೇಕಾಯಿತು.

ಎರಡನೆಯ ಮಹಾಯುದ್ಧದಲ್ಲಿ ಸಾಬು ಅಮೆರಿಕದ ವಾಯುಪಡೆ ಸೇರಿ, ಬಾಂಬರ್ ವಿಮಾನದ ಬಾಲದ ಗನ್ನರ್ ಆಗಿ ಪೆಸಿಫಿಕ್ ರಣರಂಗದಲ್ಲಿ ಹೋರಾಡಿ, ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದರು. ಹಿಂದಿರುಗಿದ ಮೇಲೆ, 1948ರ 'ಮ್ಯಾನ್-ಈಟರ್ ಆಫ್ ಕುಮಾವೂನ್' ಚಿತ್ರದಲ್ಲಿ ಹುಲಿಯ ಬೆನ್ನು ಹತ್ತುವ ನಾಯಕನ ಪಾತ್ರ ವೆಂಡೆಲ್ ಕೋರಿ ಅವರಿಗೆ ಹೋಯಿತು. ಸಾಬುವಿನ ಪಾಲಿಗೆ ಬಂದದ್ದು ಹಳ್ಳಿಗನ ಪಾತ್ರ.