ಪಿತ್ತಕ್ಕೊಂದು ಪಕ್ಕದ ದಾರಿ

ಸಿಟ್ಟು ಬಂದವರನ್ನು ನೋಡಿ ಪಿತ್ತ ನೆತ್ತಿಗೇರಿದೆ ಅಂತೀವಿ. ನಮ್ಮ ಮಾವನವರ ಪಿತ್ತ ಮಾತ್ರ ಪಂಚೆಯ ಪಕ್ಕ ಒಂದು ಪ್ಲಾಸ್ಟಿಕ್ ಬ್ಯಾಗಿನಲ್ಲಿ ನೇತಾಡುತ್ತಿತ್ತು.

ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರ್‌ನಷ್ಟು ಪಿತ್ತರಸ ತಯಾರಿಸುತ್ತದೆ. ಅದು ನಾಳದಲ್ಲಿ ಇಳಿದು ಸಣ್ಣ ಕರುಳು ಸೇರಿದರೇನೇ ಎಣ್ಣೆ, ತುಪ್ಪ ಸರಿಯಾಗಿ ಅರಗುವುದು. ನಾಳಕ್ಕೆ ಕಲ್ಲೋ ಗಡ್ಡೆಯೋ ಅಡ್ಡ ಬಂದರೆ ಬಿಲಿರುಬಿನ್ ಅನ್ನೋ ಹಳದಿ ವಸ್ತು ರಕ್ತದಲ್ಲೇ ಉಳಿಯುತ್ತದೆ. ಕಣ್ಣು ಹಳದಿ, ಮೈಯೆಲ್ಲ ತುರಿಕೆ. ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ದಾರಿ ಬಿಡಿಸಲು ಆಗದಿದ್ದಾಗ, ಪಕ್ಕೆಲುಬುಗಳ ನಡುವೆ ಸೂಜಿ ಹಾಕಿ, ಲಿವರ್ ಮೂಲಕ ನಾಳಕ್ಕೊಂದು ಟ್ಯೂಬ್ ಇಳಿಸಿ, ಪಿತ್ತ ಹೊರಗಿನ ಬ್ಯಾಗಿಗೆ ಹರಿಯುವ ಹಾಗೆ ಮಾಡುತ್ತಾರೆ. ಆಸ್ಪತ್ರೆ ಫೈಲಿನಲ್ಲಿ ಇದು ಪಿಟಿಬಿಡಿ.

ಟ್ಯೂಬಿನ ದಪ್ಪವನ್ನು ಅಳೆಯುವುದು 'ಫ್ರೆಂಚ್' ಲೆಕ್ಕದಲ್ಲಿ. 19ನೇ ಶತಮಾನದ ಪ್ಯಾರಿಸ್‌ನಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣ ಮಾಡುತ್ತಿದ್ದ ಷಾರಿಯೇರ್ ಎಂಬಾತ ತಂದ ಅಳತೆ ಇದು. 3 ಫ್ರೆಂಚ್ ಅಂದರೆ 1 ಮಿಲಿಮೀಟರ್. 8 ಫ್ರೆಂಚ್ ಟ್ಯೂಬ್ ಸುಮಾರು 2.7 ಮಿ.ಮೀ. ದಪ್ಪ, ಅಷ್ಟೇ. ಜಾರಿ ಹೊರಬರದಿರಲಿ ಅಂತ ಒಳತುದಿಯನ್ನು ಹಂದಿಬಾಲದ ಹಾಗೆ ಸುರುಳಿ ಮಾಡಿರುತ್ತಾರೆ.

ಇಷ್ಟು ಸಣ್ಣ ಕೊಳವೆ ಕಟ್ಟಿಕೊಳ್ಳದೇ ಇರುತ್ತಾ? ಅದಕ್ಕೇ ಡಾಕ್ಟರು ಹೇಳಿದಷ್ಟು ಸಲ, ಸಾಮಾನ್ಯವಾಗಿ 5ರಿಂದ 10 ಮಿ.ಲೀ. ಸಲೈನ್ ಹಾಕಿ ತೊಳೆಯಬೇಕು. ಕೈಗೆ ಸೋಪು, ಟ್ಯೂಬಿನ ಬಾಯಿಗೆ ಸ್ಪಿರಿಟ್, ಆಮೇಲೆ ಸಿರಿಂಜನ್ನು ಮೆಲ್ಲಗೆ ಒತ್ತುವುದು. ಒತ್ತುವುದು ಮಾತ್ರ, ವಾಪಸ್ ಎಳೆಯಬಾರದು. ತುದಿ ಕರುಳಿನವರೆಗೆ ಹೋಗಿದ್ದರೆ, ಎಳೆದಾಗ ಅಲ್ಲಿನ ಬ್ಯಾಕ್ಟೀರಿಯಾ ಪಿತ್ತನಾಳಕ್ಕೆ ಹತ್ತುತ್ತವೆ. ಬಿಗಿಯಾಯಿತು, ನೋವಾಯಿತು ಅಂದರೆ ಅಲ್ಲಿಗೇ ನಿಲ್ಲಿಸಬೇಕು.

ನಾನು ಎಡವಿದ್ದು ಬೇರೆ ಕಡೆ. ಒಂದು ರಾತ್ರಿ ತೊಳೆದ ಮೇಲೆ ಬ್ಯಾಗಿನ ಕಡೆಯ ಪುಟ್ಟ ತಿರುಪನ್ನು, ಅಂದರೆ ನಲ್ಲಿಯಂಥ ಬಿರಡೆಯನ್ನು, ತೆರೆಯಲು ಮರೆತೆ. ಬೆಳಿಗ್ಗೆ ಬ್ಯಾಗ್ ಖಾಲಿ. ಮಾವ ಎರಡು ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದರು. ನಿಂತ ಪಿತ್ತದಲ್ಲಿ ಸೋಂಕು ಬೇಗ ಬೆಳೆದು ರಕ್ತಕ್ಕೂ ಹೋಗಬಹುದು. ಚಳಿಜ್ವರಕ್ಕೆ ಕಷಾಯ ಕಾಯಿಸುತ್ತಾ ಕೂರುವ ಹಾಗಿಲ್ಲ, ನೇರ ಆಸ್ಪತ್ರೆಗೇ. ಬ್ಯಾಗಿಗೆ ರಕ್ತ ಬಂದರೂ, ಟ್ಯೂಬ್ ಜಾರಿದರೂ ಅಷ್ಟೇ.

ಬ್ಯಾಗಿನ ಬಣ್ಣ ನೋಡಿ ಮೊದಲು ಸುಮ್ನೆ ಗಾಬರಿಯಾಗಿದ್ದೆ. ಹೊಂಬಣ್ಣದ ರಸ ನಿಂತಲ್ಲೇ ಹಸಿರಾಗುತ್ತಿತ್ತು. ಗಾಳಿ ತಾಗಿದ ಬಿಲಿರುಬಿನ್ ಬಿಲಿವರ್ಡಿನ್ ಆಗುತ್ತದೆ, ಪೆಟ್ಟು ಬಿದ್ದ ಜಾಗ ಹಸಿರುಗಟ್ಟಿದಾಗ ಕಾಣುವುದೂ ಇದೇ ಬಿಲಿವರ್ಡಿನ್. ಬಣ್ಣಕ್ಕಿಂತ ಎಷ್ಟು ಮಿ.ಲೀ. ಅನ್ನೋದು ಮುಖ್ಯ. ದಿನಾ ಬರೆದಿಡಬೇಕು. ಜಾಸ್ತಿ ಹೋದರೆ ನೀರಿನ ಜೊತೆ ಸೋಡಿಯಂ, ಬೈಕಾರ್ಬನೇಟ್ ಕೂಡ ಹೋಗಿ ಸುಸ್ತು ಹೊಡೆಯುತ್ತದೆ. ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು. ಸ್ನಾನ ಮಾಡುವಾಗ ಡ್ರೆಸ್ಸಿಂಗ್ ಒದ್ದೆಯಾಗಬಾರದು. ಟ್ಯೂಬನ್ನೂ ಎರಡು-ಮೂರು ತಿಂಗಳಿಗೊಮ್ಮೆ ಬದಲಿಸುತ್ತಾರೆ.

ನಮಗೆ ತಲೆಕೆಡಿಸಿದ್ದು ಇನ್ನೊಂದು. ಕಣ್ಣಿನ ಹಳದಿ ಇಳಿದರೂ ಮಲ ಮಾತ್ರ ಸುಣ್ಣದ ಹಾಗೆ ಬೆಳ್ಳಗೇ ಇತ್ತು. ಮಲಕ್ಕೆ ಬಣ್ಣ ಕೊಡುವುದೂ ಬಿಲಿರುಬಿನ್ನೇ. ಅದೆಲ್ಲ ಬ್ಯಾಗಿಗೆ ಹೋದರೆ ಕರುಳಿಗೆಲ್ಲಿ ಉಳಿಯುತ್ತದೆ ಅಲ್ವಾ? ಮುಂದಿನ ಸಲ ಟ್ಯೂಬಿನ ತುದಿಯನ್ನು ತಡೆ ದಾಟಿಸಿ ಕರುಳಿಗೇ ಇಳಿಸಿದರು. ಕೆಲವು ದಿನ ನೋಡಿ ಡಾಕ್ಟರೇ ಹೊರಗಿನ ತಿರುಪು ಮುಚ್ಚಿಸಿದರು. ಅದಾಗಿ ಸ್ವಲ್ಪ ದಿನಕ್ಕೆ ಮಾವ ಬಚ್ಚಲಿನಿಂದ ಬಂದವರೇ, "ಬಣ್ಣ ಬಂತು ಕಣಮ್ಮಾ" ಅಂದರು.