ಓದು ಬಾರದವರಿಗೆ ಕಟ್ಟಡದ ಡಿಜಿಟಲ್ ಮಾದರಿ ಅರ್ಥವಾಗುವುದೇ?

ಪ್ರಶ್ನೆ: ನಮ್ಮ ಸೈಟಿನ ಸೆಂಟ್ರಿಂಗ್ ಮತ್ತು ಗಾರೆ ಕೆಲಸದವರಲ್ಲಿ ಅನೇಕರಿಗೆ ಓದುಬರಹ ಬಾರದು. ಅವರಿಗೆ ಬಿಮ್ ಮಾದರಿ (ಕಂಪ್ಯೂಟರಿನಲ್ಲಿ ರಚಿಸಿದ ಕಟ್ಟಡದ ಮೂರು ಆಯಾಮದ ಮಾದರಿ) ತೋರಿಸಿ ಸುರಕ್ಷತೆ ಕಲಿಸಲು ಸಾಧ್ಯವೇ?

ಉತ್ತರ: ಸಾಧ್ಯ. ಇದನ್ನು ಹೇಳಿ ಹೇಳಿ ಸಾಕಾಗಿದೆಯಾದರೂ, ಇದರ ಹಿಂದಿನ ತಪ್ಪು ಕಲ್ಪನೆ ಜಗ್ಗದೆ ಕುಳಿತಿರುವುದರಿಂದ ಮತ್ತೊಮ್ಮೆ ಬರೆಯುತ್ತಿದ್ದೇನೆ.

ಓದಲು ಕಲಿತಿರಬೇಕಾದದ್ದು ಕಾಗದದ ನಕ್ಷೆಯನ್ನು. ಅದರಲ್ಲಿ ಲಿಫ್ಟ್ ಓಡಾಡಲು ಬಿಟ್ಟ ಗುಂಡಿಯೆಂದರೆ ಅಡ್ಡಗೆರೆ ಎಳೆದ ಒಂದು ಚೌಕ ಮಾತ್ರ. ಅದು ನೆಲಮಾಳಿಗೆಯವರೆಗೆ ಬಾಯ್ದೆರೆದ ಆಳವೆಂದು ಗ್ರಹಿಸುವಾಗ ಡಿಪ್ಲೊಮಾ ಮುಗಿಸಿ ಬಂದ ಹುಡುಗರೂ ತಡವರಿಸುವುದುಂಟು. ಮಾದರಿಯಲ್ಲಾದರೋ ಗುಂಡಿ ಗುಂಡಿಯಾಗಿಯೇ ಕಾಣುತ್ತದೆ. ವರ್ಷಗಟ್ಟಲೆ ಸಾರುವೆ ಕಟ್ಟಿದ ಮೇಸ್ತ್ರಿಗೆ ತಾನು ನಿಂತಿರುವ ಮಹಡಿಯನ್ನೇ ಟಿವಿ ಪರದೆಯಲ್ಲಿ ತಿರುಗಿಸಿ ತೋರಿಸಿದರೆ, ಪೈಪು, ತಂತಿ ಹಾಯಿಸಲು ಬಿಟ್ಟ ಯಾವ ಡಕ್ಟ್ ರಂಧ್ರದ ಮೇಲೆ ಬರಿದೆ ಪ್ಲೈವುಡ್ ಹಾಸಲಾಗಿದೆ, ಆ ಹಲಗೆಯನ್ನು ಎತ್ತಿಕೊಂಡು ಒಂದು ಹೆಜ್ಜೆ ಮುಂದಿಟ್ಟವನು ಎಲ್ಲಿಗೆ ಬೀಳುತ್ತಾನೆ ಎಂಬುದನ್ನು ಅವರೇ ಬೆರಳಿಟ್ಟು ಹೇಳುತ್ತಾರೆ. ರಾಯಚೂರಿನವರೂ ಬಿಹಾರ, ಒಡಿಶಾದವರೂ ಒಟ್ಟಿಗೆ ದುಡಿಯುವ ಬೆಂಗಳೂರಿನ ಸೈಟಿನಲ್ಲಿ ಭಾಷಾಂತರದ ಅರ್ಧ ಹೊರೆಯನ್ನೂ ಆ ಚಿತ್ರವೇ ಇಳಿಸುತ್ತದೆ. ಕಣ್ಣಿಗೆ ಕಟ್ಟುವ ದುಬಾರಿ ವಿಆರ್ ಕನ್ನಡಕ ಇದಕ್ಕೆ ಬೇಕಿಲ್ಲ. ಅರ್ಥವಾಗದೆ ಹೋಗುವುದು ಗೋಡೆಗೆ ಅಂಟಿಸಿದ ಇಂಗ್ಲಿಷ್ ಸೂಚನಾಫಲಕ. ಆದರೆ ಅದರ ಬಗ್ಗೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ನಿಜವಾದ ತೊಡಕು ಬೇರೆಯೇ ಇದೆ. ವಿನ್ಯಾಸಕರು ಕೊಡುವ ಮಾದರಿಯಲ್ಲಿರುವುದು ಸಾಮಾನ್ಯವಾಗಿ ಮುಗಿದ ಕಟ್ಟಡ, ಜನ ಬೀಳುವುದು ಮುಗಿಯದ ಕಟ್ಟಡದಿಂದ. 1.5 ಮೀಟರಿಗಿಂತ ಆಳದ ಕಾಲುವೆ ತೋಡಿದಾಗ ಮಣ್ಣು ಕುಸಿಯದಂತೆ ಆಸರೆ ಕೊಡಬೇಕೆಂದು ಅಗೆತದ ಸುರಕ್ಷತೆಯ ಭಾರತೀಯ ಮಾನಕ ಐಎಸ್ 3764 ಹೇಳಿದರೂ, ಆ ಆಸರೆಯಾಗಲಿ, ಸಾರುವೆಯಾಗಲಿ, ಸ್ಲ್ಯಾಬಿನ ಅಂಚಿನ ತಾತ್ಕಾಲಿಕ ಕಟಾಂಜನವಾಗಲಿ ಯಾರಾದರೂ ಸೇರಿಸಿದ ಹೊರತು ಮಾದರಿಯೊಳಗೆ ಇರುವುದಿಲ್ಲ. ಅವನ್ನು ಸೇರಿಸಿ, ಕೆಲಸದ ವೇಳಾಪಟ್ಟಿಯೊಂದಿಗೆ ಜೋಡಿಸಿದರೆ ಮಾತ್ರ ಕೆಲಸ ಶುರುವಾಗುವ ಮುನ್ನ ನಡೆಯುವ ಬೆಳಗಿನ ಸುರಕ್ಷತಾ ಮಾತುಕತೆಯಲ್ಲಿ (ಟೂಲ್‌ಬಾಕ್ಸ್ ಟಾಕ್) ಆ ದಿನದ ಮಹಡಿಯ ಸ್ಥಿತಿಯನ್ನು ತೋರಿಸಬಹುದು. ಕಳೆದ ತಿಂಗಳ ಮಾದರಿಯನ್ನು ತೋರಿಸುವುದಂತೂ ಅಪಾಯ, ಏಕೆಂದರೆ ಬಿಚ್ಚಿಹಾಕಿದ ಕಟಾಂಜನವೂ ಅದರಲ್ಲಿ ಭದ್ರವಾಗಿ ನಿಂತಿರುತ್ತದೆ.

ಹಾಗಾದರೆ ಆ ಕಟಾಂಜನದ ಖರ್ಚು ಯಾರದು? ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅಪಘಾತ ತಡೆಯುವ ಹೊಣೆಯನ್ನು 1996ರ ಕಟ್ಟಡ ಕಾರ್ಮಿಕರ ಕಾಯಿದೆಯ 44ನೇ ಕಲಮು ಕಾರ್ಮಿಕರಿಗೆ ಕೆಲಸ ಕೊಡುವ ಮಾಲೀಕರ ಮೇಲೆ ಹೊರಿಸಿತ್ತು. ಆದರೆ ಟೆಂಡರಿನಲ್ಲಿ ಸುರಕ್ಷತೆಗೆ ಒಟ್ಟಾರೆ ಒಂದು ಸಾಲು ಬರೆದು ಕೈತೊಳೆದುಕೊಂಡರೆ, ದರ ಇಳಿಸುವಾಗ ಗುತ್ತಿಗೆದಾರರು ಮೊದಲು ಕತ್ತರಿಸುವುದು ಅದನ್ನೇ. ಮಾದರಿಯಲ್ಲಿ ಎಳೆದ ಕಟಾಂಜನವನ್ನು ಮೀಟರಿನಲ್ಲಿ, ರಂಧ್ರದ ಮುಚ್ಚಳಗಳನ್ನು ಸಂಖ್ಯೆಯಲ್ಲಿ ಲೆಕ್ಕ ತೆಗೆದು ಪ್ರತ್ಯೇಕ ಬಾಬತ್ತಾಗಿ ನಮೂದಿಸಬಹುದು. ಟೆಂಡರ್ ಕರೆಯುವ ಮೊದಲೇ ವಿನ್ಯಾಸಕರಿಂದ ಅದನ್ನು ಕೇಳಿ ಪಡೆಯಿರಿ.