ನೀರು ಬೆರೆಸಿಲ್ಲ ಸ್ವಾಮಿ, ಅದರ ಬಣ್ಣವೇ ಹಾಗೆ

ಹೋಟೆಲಿನಲ್ಲಿ ವೈನ್ ಬಡಿಸುವುದು, ಯಾವ ಊಟಕ್ಕೆ ಯಾವ ಬಾಟಲಿ ಸರಿ ಅಂತ ಹೇಳುವುದು ನನ್ನ ಕೆಲಸ. ಈ ಕೆಲಸದಲ್ಲಿ ನನ್ನ ತಾಳ್ಮೆ ಕೆಡಿಸುವ ದೂರು ಒಂದಿದೆ. ಇಟಲಿಯ ಬ್ರುನೆಲ್ಲೊ ದಿ ಮೊಂತಾಲ್ಚಿನೊ ಅನ್ನುವ ರೆಡ್ ವೈನಿನ ಬಾಟಲಿ ತೆರೆದು ಗ್ಲಾಸಿಗೆ ಸುರಿಯುತ್ತೇನೆ. ಆರ್ಡರ್ ಮಾಡಿದವರು ಗ್ಲಾಸ್ ಎತ್ತಿ ದೀಪಕ್ಕೆ ಹಿಡಿಯುತ್ತಾರೆ. ಗ್ಲಾಸಿನ ಆಚೆಯ ಬೆರಳು ಕಾಣುತ್ತದೆ. ಮುಖ ಸಪ್ಪಗಾಗುತ್ತದೆ. "ಏನ್ರೀ, ಇಷ್ಟು ದುಡ್ಡಿಗೆ ಇಷ್ಟು ತೆಳು ವೈನಾ?"

ಬಣ್ಣ ತೆಳು. ವೈನ್ ತೆಳು ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಹಾಗಾಗಿ ಬರೆದೇ ಬಿಡೋಣ ಅನಿಸಿತು.

ನಮ್ಮಲ್ಲಿ ಹೆಚ್ಚಿನವರು ಮೊದಲು ಕುಡಿದ ರೆಡ್ ವೈನ್ ನಂದಿಬೆಟ್ಟದ ಕಡೆಯದೋ ನಾಸಿಕ್ ಕಡೆಯದೋ ಆಗಿರುತ್ತದೆ. ಶಿರಾಜ್ ಅಥವಾ ಕ್ಯಾಬರ್ನೆ. ಆ ದ್ರಾಕ್ಷಿಗಳ ಸಿಪ್ಪೆಯಲ್ಲಿ ಬಣ್ಣ ಜಾಸ್ತಿ. ಬ್ರುನೆಲ್ಲೊ ಮಾಡುವುದು ಸಾಂಜೊವೇಸೆ ಅನ್ನುವ ಒಂದೇ ಜಾತಿಯ ದ್ರಾಕ್ಷಿಯಿಂದ. ಅದರ ಸಿಪ್ಪೆಯಲ್ಲಿ ಬಣ್ಣ ಕಮ್ಮಿ, ಇರುವುದೂ ಬೇಗ ಮಾಸುತ್ತದೆ. ಮೇಲಾಗಿ ಕೊಯ್ಲಿನ ನಂತರದ ಐದನೇ ವರ್ಷದ ಜನವರಿ 1ಕ್ಕೆ ಮೊದಲು ಅದನ್ನು ಮಾರುವ ಹಾಗಿಲ್ಲ, ಕಾನೂನೇ ಇದೆ. ಅದರಲ್ಲಿ ಕನಿಷ್ಠ 2 ವರ್ಷ ಓಕ್ ಪೀಪಾಯಿಯಲ್ಲಿ ಕಳೆಯಬೇಕು. ನಿಮ್ಮ ಟೇಬಲ್ಲಿಗೆ ಬರುವ ಹೊತ್ತಿಗೆ ಗ್ಲಾಸಿನ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಬಿಳಿ ನ್ಯಾಪ್ಕಿನ್ ಮೇಲೆ ಗ್ಲಾಸ್ ಓರೆ ಮಾಡಿ ನೋಡಿ, ಚೆನ್ನಾಗಿ ಕಾಣುತ್ತದೆ.

ಇನ್ನು ಶಕ್ತಿಯ ವಿಷಯ. ವೈನನ್ನು ವರ್ಷಗಟ್ಟಲೆ ಕಾಪಾಡುವುದು ಮುಖ್ಯವಾಗಿ ಹುಳಿ ಮತ್ತು ಟ್ಯಾನಿನ್, ಅಂದರೆ ಒಗರು. ಇವೆರಡೂ ನಾಲಿಗೆಗೆ ಗೊತ್ತಾಗುತ್ತವೆ, ಕಣ್ಣಿಗಲ್ಲ. ಮೆಣಸಿನ ಸಾರು ಎಷ್ಟು ತಿಳಿಯಾಗಿರುತ್ತದೆ, ಖಾರ ನೆತ್ತಿಗೇರುವುದಿಲ್ವಾ?

ಒಮ್ಮೆ ದಾವಣಗೆರೆ ಕಡೆಯ ಹಿರಿಯರೊಬ್ಬರು ಬಾಟಲಿ ವಾಪಸ್ ತಗೊಂಡು ಹೋಗಿ ಅಂತ ಪಟ್ಟು ಹಿಡಿದರು. ನಾನು ವಿವರಿಸುತ್ತಿದ್ದೆ. ಅಷ್ಟರಲ್ಲಿ ಅವರ ಶ್ರೀಮತಿ ಸುಮ್ನೆ ಒಂದು ಗುಟುಕು ಕುಡಿದು, "ಬಾಯೆಲ್ಲ ಒಗರು ಹಿಡೀತು ಕಣ್ರೀ, ತೆಳು ಎಲ್ಲಿಂದ ಬಂತು?" ಅಂದರು. ಬಾಟಲಿ ಉಳಿಯಿತು. ಮಟನ್ ಬಂದ ಮೇಲೆ ಒಗರೂ ಹದಕ್ಕೆ ಬಂತು. ಕೊಬ್ಬು, ಮಾಂಸದ ಜೊತೆ ಟ್ಯಾನಿನ್ ಮೆತ್ತಗಾಗುತ್ತದೆ.

ಈ ವೈನಿನ ತವರುಮನೆ ಅಂದರೆ ಟಸ್ಕನಿಯ ಮೊಂತಾಲ್ಚಿನೊ ಬಳಿಯ ಗ್ರೆಪ್ಪೊ ಎಸ್ಟೇಟು. ಬಿಯೊಂದಿ ಸಾಂತಿ ಮನೆತನ ಬೆಳೆಸಿದ್ದು. ಈಗ ಅದರ ಒಡೆತನ ಒಂದು ಫ್ರೆಂಚ್ ಕಂಪನಿಯದು. ಇಟಲಿಯನ್ನು ಒಂದುಗೂಡಿಸಲು ಹೋರಾಡಿದ ಗರಿಬಾಲ್ಡಿಯ ಜೊತೆ ಯುದ್ಧಕ್ಕೆ ಹೋಗಿ ಬಂದ ಫೆರುಚ್ಚೊ ಬಿಯೊಂದಿ ಸಾಂತಿ ಇಲ್ಲಿ ಸಾಂಜೊವೇಸೆ ಒಂದನ್ನೇ ನಂಬಿದರು. ಆ ಕಾಲದ ಟಸ್ಕನಿಯಲ್ಲಿ ಕೆಂಪು ದ್ರಾಕ್ಷಿಗೆ ಬಿಳಿ ದ್ರಾಕ್ಷಿ ಬೆರೆಸಿ, ಬೇಗ ಕುಡಿದು ಮುಗಿಸುವ ವೈನ್ ಮಾಡುವುದು ರೂಢಿ. ಇವರದು ಉಲ್ಟಾ. ಅವರ ಮೊದಲ ರಿಸೆರ್ವಾ, ಅಂದರೆ ಒಳ್ಳೆಯ ಬೆಳೆಯ ವರ್ಷ ಮಾಡಿ ಹೆಚ್ಚು ಕಾಲ ಮಾಗಿಸುವ ವೈನ್, 1888ರದು. ಅಲ್ಲಿಂದ 1945ರ ತನಕ ರಿಸೆರ್ವಾ ಅಂತ ಹೊರಬಂದದ್ದು ಬರೀ 4 ವರ್ಷದ ಬೆಳೆ: 1888, 1891, 1925, 1945. 1969ರಲ್ಲಿ ಲಂಡನ್ನಿನ ಇಟಲಿ ರಾಯಭಾರ ಕಚೇರಿಯಲ್ಲಿ ಎಲಿಜಬೆತ್ ರಾಣಿಗೆ ಬಡಿಸಿದ್ದು ಇದೇ ಮನೆಯ 1955ರ ರಿಸೆರ್ವಾ. ರಾಣಿ ಗ್ಲಾಸನ್ನು ದೀಪಕ್ಕೆ ಹಿಡಿದು ತಕರಾರು ಮಾಡಿದ್ದನ್ನು ನಾನಂತೂ ಕೇಳಿಲ್ಲ.

ಗ್ರೆಪ್ಪೊದ ವೈನ್ ಎಂದೂ ಕಡುಗಪ್ಪಲ್ಲ. ತೋಟ ಎತ್ತರದಲ್ಲಿದೆ, ತಂಪು ಹವೆ, ಹುಳಿ ಚೆನ್ನಾಗಿ ಉಳಿಯುತ್ತದೆ. ಪೀಪಾಯಿಗಳು ಕ್ರೊಯೇಷಿಯಾದ ಸ್ಲಾವೋನಿಯಾ ಕಡೆಯ ಓಕಿನವು, ದೊಡ್ಡವು, ಹಳೆಯವು. ಮರದ ವಾಸನೆ ವೈನಿಗೆ ಅಷ್ಟಾಗಿ ಹತ್ತುವುದಿಲ್ಲ.

ಬಣ್ಣದ ಹುಚ್ಚು ನಮ್ಮ ಗ್ರಾಹಕರಿಗೆ ಮಾತ್ರ ಅಂದುಕೊಳ್ಳಬೇಡಿ. 2008ರಲ್ಲಿ ಕೆಲವು ಉತ್ಪಾದಕರು ಬ್ರುನೆಲ್ಲೊಗೆ ಬೇರೆ ದ್ರಾಕ್ಷಿ ಬೆರೆಸಿದ್ದಾರೆ ಅನ್ನುವ ಆರೋಪದ ಮೇಲೆ ದೊಡ್ಡ ತನಿಖೆಯೇ ನಡೆಯಿತು. ಮೆರ್ಲೊನಂಥ ದ್ರಾಕ್ಷಿ ಸ್ವಲ್ಪ ಸೇರಿದರೂ ಬಣ್ಣ ಗಾಢವಾಗುತ್ತದೆ, ವೈನ್ ಮೆತ್ತಗಾಗುತ್ತದೆ, ಮಾರುಕಟ್ಟೆಗೆ ಅದೇ ಇಷ್ಟ. ಒಂದೇ ದ್ರಾಕ್ಷಿ ಅನ್ನುವ ನಿಯಮವನ್ನೇ ಸಡಿಲಿಸೋಣ ಅನ್ನುವ ಮಾತೂ ಎದ್ದಿತು. ಫೆರುಚ್ಚೊ ಅವರ ಮೊಮ್ಮಗ ಫ್ರಾಂಕೊ ಸಾಂಜೊವೇಸೆ ಒಂದೇ ಇರಲಿ ಅನ್ನುವವರ ಸಾಲಿನಲ್ಲಿ ನಿಂತರು. ಅದೇ ವರ್ಷ ಉತ್ಪಾದಕರ ಸಂಘದಲ್ಲಿ ವೋಟಿಗೆ ಹಾಕಿದಾಗ ಹಳೆಯ ನಿಯಮವೇ ಭಾರೀ ಬಹುಮತದಿಂದ ಗೆದ್ದಿತು.

ಹಾಗಂತ ಕಪ್ಪಗಿರುವ ಬ್ರುನೆಲ್ಲೊ ಎಲ್ಲ ಕಲಬೆರಕೆ ಅಂತ ನಾನು ಹೇಳುತ್ತಿಲ್ಲ. ಬಿಸಿಲು ಜಾಸ್ತಿ ಇದ್ದ ವರ್ಷ, ದಕ್ಷಿಣದ ಇಳಿಜಾರಿನ ತೋಟ, ಚಿಕ್ಕ ಹೊಸ ಪೀಪಾಯಿ, ಇವೆಲ್ಲ ಬಣ್ಣ ಬದಲಿಸುತ್ತವೆ. ತೆಳುವಾಗಿರುವುದೆಲ್ಲ ಒಳ್ಳೆಯದು ಅಂತಲೂ ಅಲ್ಲ. ಪೂರ್ತಿ ಕಂದಾಗಿ ವಿನೆಗರ್ ವಾಸನೆ ಬಂದರೆ ಅಥವಾ ನೆಂದ ರಟ್ಟಿನ ವಾಸನೆ ಬಂದರೆ ಧಾರಾಳವಾಗಿ ವಾಪಸ್ ಕಳಿಸಿ, ನಾವು ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಮೂಗು, ನಾಲಿಗೆ ಎರಡೂ ಹೇಳಿದ ಮೇಲೆ ಕಳಿಸಿ.

ಕಡುಗೆಂಪೇ ಬೇಕು ಅನ್ನುವವರಿಗೆ ಇಟಲಿಯಲ್ಲೇ ಮೊಂತೆಪುಲ್ಚಾನೊ ದಬ್ರುತ್ಸೊ ಇದೆ, ಸಿಸಿಲಿಯ ನೇರೊ ದಾವೊಲಾ ಇದೆ. ಸಾಮಾನ್ಯವಾಗಿ ಬೆಲೆಯೂ ಬ್ರುನೆಲ್ಲೊಗಿಂತ ಎಷ್ಟೋ ಕಮ್ಮಿ. ಕೇಳಿ, ಖುಷಿಯಿಂದ ತಂದುಕೊಡುತ್ತೇನೆ.